ಅಪ್‌ಡೇಟ್: ಅಕ್ಕನ ಇನ್ಶೂರೆನ್ಸ್ ಕ್ಲೇಮ್ ಏನಾಯ್ತು?

ಹೋದ ಸಲ ಬರೆದಿದ್ದೆ: ಭಾವ ಹೊಡೆದು ಅಕ್ಕನ ಕೈ ಮುರಿದಿತ್ತು. ಉಡುಪಿಯಲ್ಲಿ ಆಪರೇಷನ್ ಆಯ್ತು. ಇನ್ಶೂರೆನ್ಸ್ ಕಂಪನಿ ಮಾತ್ರ ಇದು ಮನೆಜಗಳದ ಗಾಯ ಎಂದು ಕ್ಲೇಮ್ ತಿರಸ್ಕರಿಸಿತು. ದಾರಿ ಹೇಳಿದ ಎಲ್ಲರಿಗೂ ಧನ್ಯವಾದ.

ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ ಎಂದು ಬರಹದಲ್ಲಿ ಕೇಳಿದೆವು. 'ಬೇಕೆಂದೇ ಮಾಡಿಕೊಂಡ ಗಾಯ' ಎಂಬ ಷರತ್ತು ತೋರಿಸಿದರು. ಓದಿ ಮೈ ಉರಿಯಿತು. ಗಂಡ ಮುರಿದ ಕೈಯನ್ನು ಅವಳೇ ಮುರಿದುಕೊಂಡಳು ಅಂದ ಹಾಗಾಯ್ತು, ಅಲ್ವಾ? ಆಸ್ಪತ್ರೆಯ ಗಾಯದ ಸರ್ಟಿಫಿಕೇಟ್, ಎಫ್‌ಐಆರ್ ಪ್ರತಿ ಸೇರಿಸಿ ಮತ್ತೆ ದೂರು ಕೊಟ್ಟೆವು. ತಿಂಗಳು ಕಳೆದರೂ ಉತ್ತರವಿಲ್ಲ. ಹಾಗಾಗಿ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ (ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಹಾಕಿದ್ದೇವೆ. ಶುಲ್ಕ ಇಲ್ಲ, ವಕೀಲರೂ ಬೇಡ. ಅಲ್ಲಿನ ತೀರ್ಪನ್ನು ಕಂಪನಿ ಪಾಲಿಸಲೇಬೇಕು.

ಬಿಲ್ಲಿನ ಸಾಲ ಅಲ್ಲಿಯವರೆಗೆ ಕಾಯುವುದಿಲ್ಲವಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ಖರ್ಚನ್ನು ಹೊಡೆದವನಿಂದಲೇ ಕೇಳಬಹುದು. ನಮ್ಮಲ್ಲಿ ತಾಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ, ಅಂದರೆ ಈ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ನೆರವಾಗುವ ಅಧಿಕಾರಿ. ಅವರ ಮೂಲಕ ಅರ್ಜಿ ಹೋಯಿತು, ಕೋರ್ಟು ಮಧ್ಯಂತರ ಆದೇಶ ಕೊಟ್ಟಿದೆ.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ಪಾಲಿಸಿಯಲ್ಲಿ ಗಂಡನ ಮನೆಯ ವಿಳಾಸ, ಅವನ ಫೋನ್ ನಂಬರ್ ಇದ್ದರೆ ಮೊದಲು ಬದಲಿಸಿ. ಆಸ್ಪತ್ರೆಯ ಮೆಸೇಜು, ಕ್ಲೇಮಿನ ಪತ್ರ ಎಲ್ಲ ಅವನಿಗೇ ಹೋಗುತ್ತವೆ. ಅಕ್ಕನ ಜೀವವಿಮೆಯ ನಾಮಿನಿಯನ್ನೂ ಬದಲಿಸಿದೆವು. ಅದಕ್ಕೆ ಗಂಡನ ಸಹಿ ಬೇಕಿಲ್ಲ.

ಓಂಬುಡ್ಸ್‌ಮನ್ ವಿಚಾರಣೆ ಇನ್ನೂ ಬಾಕಿ ಇದೆ.