ಲಕ್ವಾ ಆದ ಮೇಲೆ ಜೋಲಿ ತಪ್ಪುತ್ತದೆ, ನ್ಯೂರೋಫೀಡ್‌ಬ್ಯಾಕ್ ಮಾಡಿಸಿದವರು ಇದ್ದೀರಾ?

ಬಾಗಲಕೋಟೆ ನವನಗರದಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ನಮ್ಮ ಅಪ್ಪಾಜಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಪೂರ್ತಿ ಬಿದ್ದುಹೋಗಿದ್ದವು. ಈಗ ಕೋಲು ಹಿಡಿದು ಓಡಾಡುತ್ತಾರೆ. ಸೀದಾ ನಡೆಯುವಾಗ ಪರವಾಗಿಲ್ಲ, ತಿರುಗುವಾಗ ಜೋಲಿ ತಪ್ಪುತ್ತದೆ. ಬಾಗಿಲು ದಾಟುವಾಗ ಎಡ ಭುಜ ಚೌಕಟ್ಟಿಗೆ ಬಡಿಯುತ್ತದೆ. ಬೆಳಗಾವಿಯ ಒಂದು ಸೆಂಟರ್‌ನವರು ನ್ಯೂರೋಫೀಡ್‌ಬ್ಯಾಕ್ ಮಾಡಿಸಿ ಅಂದಿದ್ದಾರೆ. ತಲೆಗೆ ವೈರ್ ಹಚ್ಚಿ ಮೆದುಳಿಗೆ ಟ್ರೇನಿಂಗ್ ಕೊಡುತ್ತಾರಂತೆ. 40 ಸಿಟ್ಟಿಂಗ್, ದುಡ್ಡು ಮೊದಲೇ ಕಟ್ಟಬೇಕು. ಯಾರಾದರೂ ಮಾಡಿಸಿದ್ದೀರಾ? ಶಾಕ್ ಗೀಕ್ ಕೊಡ್ತಾರಾ? ಅಪ್ಪಾಜಿ ಅದಕ್ಕೇ ಹೆದರಿದ್ದಾರೆ.

ವಿಜಯಪುರದಿಂದ, ಅವ್ವನಿಗೆ ಪಾರ್ಕಿನ್ಸನ್ ಇದೆ:
ಶಾಕ್ ಇಲ್ಲ ಅಣ್ಣಾ, ಅವರಿಗೆ ಧೈರ್ಯ ಹೇಳಿ. ಇಇಜಿ ತೆಗೆಯುವ ಹಾಗೇ ಪೇಸ್ಟ್ ಹಚ್ಚಿ ಸಣ್ಣ ಬಿಲ್ಲೆ ಅಂಟಿಸುತ್ತಾರೆ. ಅದು ಮೆದುಳಿನ ಅಲೆ ಓದುತ್ತದೆ ಅಷ್ಟೇ, ಒಳಗೆ ಏನೂ ಬಿಡುವುದಿಲ್ಲ.

ಅವ್ವ ಬೆಂಗಳೂರಲ್ಲಿ ತಮ್ಮನ ಮನೆಯಲ್ಲಿದ್ದಾಗ ಮಾಡಿಸಿದೆವು. ಜಗಳ ಆದದ್ದೆಲ್ಲ ಎಣ್ಣೆಯ ಮೇಲೆ. ತಲೆಯಲ್ಲಿ ಎಣ್ಣೆ ಇದ್ದರೆ ಬಿಲ್ಲೆ ಸರಿಯಾಗಿ ಹಿಡಿಯುವುದಿಲ್ಲ, ಶಾಂಪೂ ಹಾಕಿ ತೊಳೆದುಕೊಂಡು ಬನ್ನಿ ಅಂದರು. ಎಣ್ಣೆ ಹಚ್ಚಿ ಹೆರಳು ಹಾಕದೆ ಹೊಸ್ತಿಲು ದಾಟುವವಳೇ ಅಲ್ಲ ನಮ್ಮವ್ವ. ಅಂತೂ ಕೂತಳು. ಪರದೆಯ ಮೇಲೆ ಒಂದು ದೋಣಿ. ಅಲೆ ಬೇಕಾದ ಹಾಗೆ ಬಂದರೆ ದೋಣಿ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ನಿಂತೇಬಿಡುತ್ತದೆ. ಹಲ್ಲು ಕಚ್ಚಿದರೆ, ಹುಬ್ಬು ಗಂಟಿಕ್ಕಿದರೆ ಗೆರೆಯೆಲ್ಲ ಕುಣಿಯುತ್ತದೆ. ಆ ಹುಡುಗಿ ಹೊತ್ತೊತ್ತಿಗೆ "ದವಡೆ ಸಡಿಲ ಬಿಡ್ರೀ ಅಮ್ಮಾ" ಅನ್ನುವುದು, ಇವಳು ಇನ್ನಷ್ಟು ಬಿಗಿ ಹಿಡಿಯುವುದು.

ಮನಸ್ಸು ಹಗುರಾಯಿತು ಅಂತ ಅವಳೇ ಹೇಳಿದಳು. ನಡಿಗೆ ಬದಲಾದದ್ದು ನನಗಂತೂ ಕಾಣಲಿಲ್ಲ. ನಡಿಗೆಗೆ ಕೆಲಸ ಮಾಡಿದ್ದು ಟೇಪು. ಬಚ್ಚಲ ಬಾಗಿಲಿಗೆ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಲ್ಲುತ್ತಿದ್ದಳು. ಫಿಸಿಯೋ ಮೇಡಂ ಪಡಸಾಲೆಯಿಂದ ಅಲ್ಲಿವರೆಗೆ ಹೆಜ್ಜೆಗೊಂದು ಬಣ್ಣದ ಟೇಪು ಅಡ್ಡ ಹಚ್ಚಿಸಿದರು. ಗೆರೆ ದಾಟು ಅಂದರೆ ದಾಟುತ್ತಾಳೆ! ಪಾರ್ಕಿನ್ಸನ್‌ನಲ್ಲಿ ತಾನಾಗಿ ಬರುವ ಹೆಜ್ಜೆ ಕೈಕೊಡುತ್ತದೆ, ಕಣ್ಣಿಗೆ ಗುರಿ ಕೊಟ್ಟರೆ ಮೆದುಳು ಬೇರೆ ದಾರಿ ಹಿಡಿಯುತ್ತದೆ ಅಂತ ಅವರು ವಿವರಿಸಿದರು.

ಬೆಳಗಾವಿಯಿಂದ, ಫಿಸಿಯೋಥೆರಪಿಸ್ಟ್:
ಇದೇ ಕೆಲಸದಲ್ಲಿರುವವನು, ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಬಾಗಿಲ ಚೌಕಟ್ಟು. ಎಡಗಡೆ ಲಕ್ವಾ ಅಂದರೆ ಸಾಮಾನ್ಯವಾಗಿ ಪೆಟ್ಟು ಬಿದ್ದದ್ದು ಮೆದುಳಿನ ಬಲಭಾಗಕ್ಕೆ. ಅಂಥವರಲ್ಲಿ ಕೆಲವರಿಗೆ ಎಡಗಡೆ ಏನಿದೆ ಎನ್ನುವುದರ ಮೇಲೆ ಗಮನವೇ ಹೋಗುವುದಿಲ್ಲ. ಕಣ್ಣು ಚೆನ್ನಾಗಿರುತ್ತದೆ, ಆದರೂ ತಟ್ಟೆಯ ಎಡಗಡೆಯ ಪಲ್ಯ ಹಾಗೇ ಉಳಿಯುತ್ತದೆ. ಎಡಗೆನ್ನೆಯ ಗಡ್ಡ ಬಿಟ್ಟುಹೋಗುತ್ತದೆ. ಇದಕ್ಕೆ ನಿಗ್ಲೆಕ್ಟ್ ಅನ್ನುತ್ತೇವೆ. ಇನ್ನು ಕೆಲವರಿಗೆ ಎರಡೂ ಕಣ್ಣುಗಳ ಎಡ ಅರ್ಧ ನೋಟವೇ ಹೋಗಿರುತ್ತದೆ. ಇವೆರಡರಲ್ಲಿ ಒಂದಿದ್ದರೆ ತಿರುಗುವಾಗ ಜೋಲಿ ತಪ್ಪುವುದಕ್ಕೆ ಅದೂ ಒಂದು ಕಾರಣ. ಊಟದ ಹೊತ್ತಿನಲ್ಲಿ ಸುಮ್ನೆ ಗಮನಿಸಿ, ನರರೋಗದ ಡಾಕ್ಟರಿಗೆ ಹೇಳಿ. ಅಲ್ಲಿವರೆಗೆ ಎಡ ಚೌಕಟ್ಟಿಗೆ ಕೆಂಪು ಟೇಪು ಹಚ್ಚಿ, "ಮೊದಲು ಕೆಂಪು ನೋಡ್ರಿ, ಆಮೇಲೆ ಕಾಲಿಡ್ರಿ" ಅನ್ನಿ.

ಇನ್ನು ನ್ಯೂರೋಫೀಡ್‌ಬ್ಯಾಕ್. ಇದರ ಒಂದು ಬೇರು 1960ರ ದಶಕದ ಲಾಸ್ ಏಂಜಲೀಸ್‌ನಲ್ಲಿದೆ. ಬ್ಯಾರಿ ಸ್ಟರ್ಮನ್ ಅನ್ನುವ ಸಂಶೋಧಕರು ಅಲ್ಲಿ ಬೆಕ್ಕುಗಳಿಗೆ ಒಂದು ಅಲೆ ಹೆಚ್ಚಿಸಿಕೊಳ್ಳಲು ಕಲಿಸಿದರು. ಮೈ ಅಲುಗದೆ, ಆದರೆ ಎಚ್ಚರವಾಗಿದ್ದಾಗ ಬರುವ ಅಲೆ ಅದು, ಸುಮಾರು 12ರಿಂದ 15 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಸಲ ಏರಿಳಿಯುವಂಥದ್ದು. ಲಕ್ವಾದವರಿಗೆ ಮಾಡುವುದು ಹೆಚ್ಚಾಗಿ ಇನ್ನೊಂದು ಬಗೆ. ಕೈ ಎತ್ತುತ್ತಿದ್ದೇನೆ ಅಂತ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಬೇಕು. ಆಗ ಚಲನೆಯ ಜಾಗದಲ್ಲಿ ಒಂದು ಅಲೆ ಇಳಿಯುತ್ತದೆ, ಇಳಿದರೆ ಪರದೆ ಶಭಾಷ್ ಅನ್ನುತ್ತದೆ. ಇದರ ಅಧ್ಯಯನ ಕೈಯ ಮೇಲೆ ಜಾಸ್ತಿ, ಕಾಲು ಮತ್ತು ಸಮತೋಲನದ ಮೇಲೆ ಕಡಿಮೆ, ಅವೂ ಸಣ್ಣ ಸಣ್ಣವು. ಕಾಲಿನದು ಕಷ್ಟ ಯಾಕೆಂದರೆ ಅದರ ಜಾಗ ಮೆದುಳಿನ ಎರಡು ಭಾಗ ಕೂಡುವ ಸೀಳಿನೊಳಗಿದೆ. ನೆತ್ತಿಯ ಮೇಲೆ ಬಿಲ್ಲೆ ಇಟ್ಟರೆ ಎಡಗಾಲು, ಬಲಗಾಲು ಎರಡೂ ಕಲಸಿ ಬರುತ್ತವೆ. ಸಮತೋಲನಕ್ಕೆ ಬೇಕಾದ ಕಿರುಮೆದುಳಂತೂ ತಲೆಯ ಹಿಂದೆ, ಕೆಳಗೆ, ಕತ್ತಿನ ಸ್ನಾಯುಗಳ ಹತ್ತಿರ. ಅಲ್ಲಿ ಮೆದುಳಿಗಿಂತ ಸ್ನಾಯುವಿನ ಗದ್ದಲವೇ ದೊಡ್ಡದು.

ಹಾಗಾಗಿ ನನ್ನ ಮಾತು: ವ್ಯಾಯಾಮದ ಜೊತೆಗೆ ಬೇಕಾದರೆ ಇರಲಿ, ವ್ಯಾಯಾಮ ಬಿಟ್ಟು ಬೇಡ. ತಿರುಗುವುದು ಸರಿಯಾಗಬೇಕಾದರೆ ತಿರುಗುವುದನ್ನೇ ಅಭ್ಯಾಸ ಮಾಡಬೇಕು, ಪಕ್ಕದಲ್ಲಿ ಒಬ್ಬರು ನಿಂತು.

ಮುಧೋಳದಿಂದ:
ಲಕ್ವಾದ್ದು ನನಗೆ ತಿಳಿಯದು. ಆದರೆ ನನಗೂ ಜೋಲಿ ಹೊಡೆಯುತ್ತಿತ್ತು, ಅದರಲ್ಲೂ ಕತ್ತಲಲ್ಲಿ. ಹತ್ತಿಯ ಮೇಲೆ ನಡೆದಂತೆ ಆಗುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ. ಅಪ್ಪಟ ಸಸ್ಯಾಹಾರಿ ಮನೆ, ಮೇಲೆ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್. ಇಂಜೆಕ್ಷನ್ ಮೇಲೆ ಸುಧಾರಿಸಿತು. ಅಪ್ಪಾಜಿಯವರದೂ ಒಮ್ಮೆ ನೋಡಿಸಿ.

ಚಿಕ್ಕೋಡಿಯಿಂದ:
ಎಲ್ಲರೂ ಬೇಡ ಅನ್ನುತ್ತಿದ್ದೀರಿ, ನಾನೊಬ್ಬ ಹೌದು ಅನ್ನುತ್ತೇನೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ನಡೆಯುತ್ತಿದ್ದೆ, ಆದರೆ ಯಾರಾದರೂ ಮಾತಾಡಿಸಿದರೆ ಹೆಜ್ಜೆ ತಪ್ಪುತ್ತಿತ್ತು. ಸಂತೆಗೆ ಹೋಗುವುದೇ ಬಿಟ್ಟಿದ್ದೆ. ನ್ಯೂರೋಫೀಡ್‌ಬ್ಯಾಕ್ ಮುಗಿಯುವ ಹೊತ್ತಿಗೆ ಗಮನ ನಿಲ್ಲತೊಡಗಿತು, ಮಾತಾಡುತ್ತಾ ನಡೆಯುವುದೂ ಬಂತು. ತಲೆಪೆಟ್ಟಿನವರ ಮೇಲೆ ನಿಮ್ಹಾನ್ಸ್‌ನಲ್ಲೂ ಈ ಕೆಲಸ ನಡೆದಿದೆ. ಸುಳ್ಳು ಅಂತ ತಳ್ಳಿಹಾಕಬೇಡಿ.

ಬೆಳಗಾವಿಯ ಫಿಸಿಯೋ:
ತಳ್ಳಿಹಾಕುತ್ತಿಲ್ಲ ಸರ್, ನಿಮಗೆ ಒಳ್ಳೆಯದಾದದ್ದು ನಿಜವೇ. ಯಾವುದರಿಂದ ಅನ್ನುವುದೇ ತೊಡಕು. ಮಕ್ಕಳ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಸುವ ತೊಂದರೆ, ಅದರ ಬಗ್ಗೆ 2021ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಕೆಲವರಿಗೆ ನಿಜವಾದ ನ್ಯೂರೋಫೀಡ್‌ಬ್ಯಾಕ್, ಕೆಲವರಿಗೆ ಬರೀ ತೋರಿಕೆಯದು. ಯಾರಿಗೆ ಯಾವುದು ಅಂತ ಮನೆಯವರಿಗೂ ಗೊತ್ತಿರಲಿಲ್ಲ. ಎರಡೂ ಗುಂಪು ಸುಧಾರಿಸಿತು, ಹೆಚ್ಚುಕಡಿಮೆ ಒಂದೇ ಮಟ್ಟಿಗೆ. ಅದು ಬೇರೆ ಕಾಯಿಲೆ, ಒಪ್ಪುತ್ತೇನೆ. ಆದರೂ ಮೊದಲೇ ಪೂರ್ತಿ ದುಡ್ಡು ಕೇಳಿದಾಗ ಇದು ನೆನಪಿರಲಿ.

ನವನಗರದಿಂದ:
ನಿನ್ನೆ ಊಟಕ್ಕೆ ಕೂತಾಗ ನೋಡಿದೆ. ಎಡಗಡೆ ಇಟ್ಟಿದ್ದ ಶೇಂಗಾ ಚಟ್ನಿ ಮುಟ್ಟಲೇ ಇಲ್ಲ. ತಟ್ಟೆ ತಿರುಗಿಸಿಟ್ಟೆ, "ಇದು ಎಲ್ಲಿತ್ತು?" ಅಂದರು. ವರ್ಷವಿಡೀ ಇದನ್ನು ಯಾರೂ ಹೇಳಿರಲಿಲ್ಲ. ಸೆಂಟರ್‌ನವರು ಫೋನ್ ಮಾಡುತ್ತಲೇ ಇದ್ದಾರೆ, ಅವರಿಗೆ ಏನು ಕೇಳಲಿ?

ಬೆಳಗಾವಿಯ ಫಿಸಿಯೋ:
ಸಿಟ್ಟಿಂಗ್ ಲೆಕ್ಕದಲ್ಲಿ ದುಡ್ಡು ತಗೊಳ್ತೀರಾ ಅಂತ ಕೇಳಿ. ಯಾವ ಅಲೆ, ತಲೆಯ ಯಾವ ಜಾಗ, ಯಾಕೆ ಅಂತ ಕೇಳಿ. ನಿಗ್ಲೆಕ್ಟ್ ಪರೀಕ್ಷೆ ಮಾಡಿದ್ದೀರಾ ಅಂತಲೂ ಕೇಳಿ, ಉತ್ತರದಲ್ಲೇ ಅವರ ಅಳತೆ ಗೊತ್ತಾಗುತ್ತದೆ. ಶುರುವಿಗೆ ಮೊದಲು ನಡಿಗೆ ಅಳೆಯಲು ಹೇಳಿ: ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಭಯ ಇದೆ ಅಂತ ಲೆಕ್ಕ. ನಡುವೆ ಮತ್ತೆ ಅಳೆಯಲಿ, ಬದಲಾಗದಿದ್ದರೆ ನಿಲ್ಲಿಸಿ.

ವಿಜಯಪುರದಿಂದ:
ಬಸ್ಸನ್ನೂ ಲೆಕ್ಕಕ್ಕೆ ಹಿಡೀರಿ ಅಣ್ಣಾ. ಬಾಗಲಕೋಟೆಯಿಂದ ಬೆಳಗಾವಿಗೆ ಹೋಗಿ ಬರುವುದರಲ್ಲೇ ಇಡೀ ದಿನ ಹೋಗುತ್ತದೆ. ಅಷ್ಟು ದಣಿದವರು ಸಂಜೆ ವ್ಯಾಯಾಮ ಮಾಡ್ತಾರಾ?

ಬೆಳಗಾವಿಯ ಫಿಸಿಯೋ:
ಅಕ್ಕಾ ಹೇಳಿದ್ದು ಸರಿ. ವಾರಕ್ಕೆ ಎರಡು ಸಲ ಬಸ್ಸು ಹತ್ತುವ ಬದಲು ನಿಮ್ಮೂರಲ್ಲೇ ಫಿಸಿಯೋ ಹಿಡಿಯಿರಿ, ಅಲ್ಲಿಯ ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವ ಮೊದಲು ಅವರು ತಿರುಗುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ಪಾದ ಕಾಣಬೇಕು. ನೀವು ವಿಡಿಯೋ ಹಿಡಿಯುವಾಗ ಅವರ ಎಡಗಡೆ ಇನ್ನೊಬ್ಬರು ನಿಂತಿರಲಿ.