ಪದಚರ್ಚೆ: ಧರ್ಮಸಭೆಯಲ್ಲಿ ಆದದ್ದು ಒಡಕೋ, ಸೀಳೋ?

ಮಾನ್ಯರೆ,

14ನೆಯ ಶತಮಾನದ ಯುರೋಪಿನ ಚರಿತ್ರೆಯ ಒಂದು ಅಧ್ಯಾಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಸ್ಕಿಸಮ್’ (ಧರ್ಮಸಭೆ, ಅಂದರೆ ಕ್ರೈಸ್ತರ ಚರ್ಚು, ಇಬ್ಭಾಗವಾಗುವುದು) ಎಂಬ ಪದ ಹೆಜ್ಜೆಹೆಜ್ಜೆಗೂ ಬರುತ್ತದೆ. ನಾನು ಮೊದಲು ಬರೆದುಕೊಂಡಿದ್ದ ‘ಭಿನ್ನಮತ’, ‘ಪಂಥಭೇದ’ ಎರಡನ್ನೂ ಈಗ ಹೊಡೆದುಹಾಕಿದ್ದೇನೆ.

ಕಾರಣವಿಷ್ಟು. ಸುಮಾರು ಎಪ್ಪತ್ತು ವರ್ಷ ಇಂದಿನ ಫ್ರಾನ್ಸಿನ ಅವಿನ್ಯೋನ್ ಪಟ್ಟಣದಲ್ಲಿದ್ದ ಪೋಪರ ಪೀಠವನ್ನು ರೋಮಿಗೆ ಮರಳಿ ತಂದ 11ನೆಯ ಗ್ರೆಗರಿಯವರು 1378ರ ಮಾರ್ಚಿನಲ್ಲಿ ತೀರಿಕೊಂಡರು. ಏಪ್ರಿಲಿನಲ್ಲಿ 6ನೆಯ ಅರ್ಬನರನ್ನು ಆರಿಸಿದ ಕಾರ್ಡಿನಲರಲ್ಲೇ (ಪೋಪರನ್ನು ಆರಿಸುವ ಹಿರಿಯ ಧರ್ಮಗುರುಗಳಲ್ಲೇ) ಹೆಚ್ಚಿನವರು, ರೋಮಿನ ಜನರ ಗದ್ದಲಕ್ಕೆ ಹೆದರಿ ಆ ಆಯ್ಕೆ ಮಾಡಿದೆವೆಂದು ಹೇಳಿ, ಸೆಪ್ಟೆಂಬರಿನಲ್ಲಿ ಇಟಲಿಯ ಫೋಂಡಿಯಲ್ಲಿ ಸೇರಿ 7ನೆಯ ಕ್ಲೆಮೆಂಟರನ್ನು ಪೋಪರೆಂದು ಸಾರಿದರು. ಅರ್ಬನರು ರೋಮಿನಲ್ಲೇ ಉಳಿದರು, ಕ್ಲೆಮೆಂಟರು ಅವಿನ್ಯೋನಿಗೆ ಹೋಗಿ ನೆಲಸಿದರು. ಎರಡೂ ಕಡೆಯವರ ವಿಶ್ವಾಸ ಒಂದೇ, ಲ್ಯಾಟಿನ್ ಪೂಜೆ ಒಂದೇ. ಮತದಲ್ಲಿ ಭಿನ್ನತೆ ಹುಟ್ಟಲೇ ಇಲ್ಲ. ಯಾರು ಯಾವ ಕಡೆ ಎಂಬುದನ್ನು ಬಹುಮಟ್ಟಿಗೆ ಯುದ್ಧವೇ ನಿರ್ಧರಿಸಿತು: ಫ್ರಾನ್ಸ್ ಅವಿನ್ಯೋನಿನ ಪಕ್ಷ ಹಿಡಿದದ್ದರಿಂದ ಅದರೊಡನೆ ಕಾದುತ್ತಿದ್ದ ಇಂಗ್ಲೆಂಡ್ ರೋಮಿನ ಕಡೆ ನಿಂತಿತು, ಇಂಗ್ಲೆಂಡಿನ ವೈರಿಯಾದ ಸ್ಕಾಟ್ಲೆಂಡ್ ಅವಿನ್ಯೋನಿಗೆ ಒಲಿಯಿತು. (1337ರಿಂದ 1453ರವರೆಗಿನ ಆ ಯುದ್ಧವನ್ನು ‘ನೂರು ವರ್ಷಗಳ ಯುದ್ಧ’ ಎಂದೇ ಬರೆಯುತ್ತೇನೆ, ಲೆಕ್ಕಕ್ಕೆ 116 ವರ್ಷವಾದರೂ ಅದು ಈಗ ಅಂಕಿತನಾಮ.)

ಹಾಗಾದರೆ ‘ಒಡಕು’ ಎನ್ನಬಹುದೆ? ‘ಮನೆ ಒಡೆಯಿತು’ ಎಂಬ ನಮ್ಮ ಮಾತಿಗೆ ಅದು ಹತ್ತಿರವಾಗಿದೆ, ಓದುಗರಿಗೂ ತಟ್ಟನೆ ತಿಳಿಯುತ್ತದೆ. ಆದರೆ ಒಡೆದ ಮಡಕೆ ಮತ್ತೆ ಕೂಡುವುದಿಲ್ಲ, ಇದು ಕೂಡಿತು. 1409ರಲ್ಲಿ ಪೀಸಾ ನಗರದ ಸಭೆ ಬಗೆಹರಿಸಲು ಹೋಗಿ ಮೂರನೆಯ ಪೋಪರನ್ನು ಸೇರಿಸಿದ ಮೇಲೂ, 1417ರಲ್ಲಿ ಕಾನ್‌ಸ್ಟನ್ಸ್ ಸಭೆ 5ನೆಯ ಮಾರ್ಟಿನರನ್ನು ಆರಿಸಿ ಪೀಠವನ್ನು ಒಂದುಗೂಡಿಸಿತು. ಗ್ರೀಕಿನ ಮೂಲಪದಕ್ಕಾದರೋ ಬಟ್ಟೆ ಹರಿದ ಸೀಳು ಎಂಬ ಅರ್ಥವೂ ಉಂಟು. ಯೇಸುವಿನ ಒಳಂಗಿಗೆ ಹೊಲಿಗೆಯೇ ಇರಲಿಲ್ಲ, ಸೈನಿಕರು ಅದನ್ನು ಹರಿಯದೆ ಚೀಟಿ ಹಾಕಿದರು ಎಂದು ಬೈಬಲಿನ ಯೋವಾನ್ನರ ಶುಭಸಂದೇಶ ಹೇಳುತ್ತದೆ. 1302ರಲ್ಲಿ ಪೋಪ್ 8ನೆಯ ಬೋನಿಫೇಸರು ಧರ್ಮಸಭೆಯ ಏಕತೆಗೆ ಅದೇ ಅಂಗಿಯನ್ನು ಹೋಲಿಕೆಯಾಗಿ ಕೊಟ್ಟಿದ್ದರು. ಸೀಳಿದ್ದನ್ನು ಹೊಲಿಯಬಹುದು. ಆದ್ದರಿಂದ ನನ್ನ ಮನಸ್ಸು ‘ಧರ್ಮಸಭೆಯ ಸೀಳು’ ಎಂಬುದಕ್ಕೆ ಒಲಿದಿದೆ. ‘ಮಹಾಸೀಳು’ ಅರಿಸಮಾಸವಾಗುವುದರಿಂದ ‘ದೊಡ್ಡ ಸೀಳು’ ಸಾಕು.

ಅದೇ ಅಧ್ಯಾಯದಲ್ಲಿ ಬರುವ ಪ್ಲೇಗಿನ ಬಗ್ಗೆ ನನಗೆ ಅಷ್ಟು ಗೊಂದಲವಿಲ್ಲ. 1347ರಲ್ಲಿ ಸಿಸಿಲಿಯ ಮೆಸೀನಾ ಬಂದರಿಗೆ ಬಂದಿಳಿದ ಆ ರೋಗವನ್ನು ಆ ಕಾಲದವರು ‘ಕಪ್ಪು ಸಾವು’ ಎಂದು ಕರೆಯುತ್ತಿರಲಿಲ್ಲ, ‘ದೊಡ್ಡ ಸಾವು’ ಎನ್ನುತ್ತಿದ್ದರು. ಹಾಗಾಗಿ ಅವರ ಬಾಯಲ್ಲಿ ‘ಮಹಾಮರಣ’, ನನ್ನ ನಿರೂಪಣೆಯಲ್ಲಿ ‘ಪ್ಲೇಗು’ ಎಂದಿಟ್ಟಿದ್ದೇನೆ. ‘ಪಿಡುಗು’ ಈಗ ವರದಕ್ಷಿಣೆಗೂ ಲಂಚಕ್ಕೂ ಸಲ್ಲುವ ಮಾತಾಗಿ ಸವೆದಿದೆ. ‘ಮಹಾಮಾರಿ’ ಎಂದರೆ ನಮ್ಮವರಿಗೆ ಊರ ಮಾರಮ್ಮ ನೆನಪಾಗುತ್ತಾಳೆ; 1898ರ ಬೆಂಗಳೂರಿನ ಪ್ಲೇಗಿಗೆ ಅದು ಒಪ್ಪುತ್ತದೆ, ಮೆಸೀನಾಕ್ಕೆ ಒಪ್ಪದು.

ನಿಜವಾದ ತೊಡಕು ‘ಆಂಟಿಪೋಪ್’ (ಧರ್ಮಸಭೆ ಒಪ್ಪಿದ ಪೋಪರಿಗೆ ಎದುರಾಗಿ ತಾನೇ ಪೋಪ್ ಎಂದವರು) ಎಂಬುದರದು. ‘ನಕಲಿ ಪೋಪ್’, ‘ಪ್ರತಿಪೋಪ್’ ಎಂದೊಡನೆ ತೀರ್ಪು ಕೊಟ್ಟಂತಾಗುತ್ತದೆ. ಸಿಯೆನಾದ ಕ್ಯಾಥರಿನ್ ಅರ್ಬನರ ಪರವಾಗಿದ್ದರು, ವಿನ್ಸೆಂಟ್ ಫೆರರ್ ಅವಿನ್ಯೋನಿನ ಪರವಾಗಿದ್ದರು. ಮುಂದೆ ಇಬ್ಬರೂ ಸಂತರೆಂದು ಘೋಷಿತರಾದರು. ಆಗ ಬದುಕಿದ್ದವರಿಗೆ ಯಾರು ನಿಜವಾದ ಪೋಪರು ಎಂಬುದು ಇತ್ಯರ್ಥವಾಗಿರಲಿಲ್ಲವಾದ್ದರಿಂದ, ನಾನು ಸದ್ಯಕ್ಕೆ ‘ಅವಿನ್ಯೋನಿನ ಪೋಪರು’, ‘ರೋಮಿನ ಪೋಪರು’ ಎಂದಷ್ಟೇ ಬರೆಯುತ್ತಿದ್ದೇನೆ. ಆದರೆ ಪಾರಿಭಾಷಿಕವಾಗಿ ಒಂದು ಪದ ಬೇಕೇ ಬೇಕು. ‘ಎದುರು ಪೋಪ್’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಕನ್ನಡ ಕ್ರೈಸ್ತರ ಬರಹಗಳಲ್ಲಿ ಇದಕ್ಕೆ ಬೇರೆ ಪದ ಬಳಕೆಯಲ್ಲಿದ್ದರೆ ಬಲ್ಲವರು ದಯವಿಟ್ಟು ತಿಳಿಸಬೇಕು.