ಬಾಂಗ್ಲಾ ಜೀನ್ಸಿಗೆ ಸುಂಕ ಯಾಕಿಲ್ಲ?

ಪ್ರಶ್ನೆ (ಕೌಲ್‌ಬಜಾರ್, ಬಳ್ಳಾರಿ): ಸರ್, ನಮ್ದು ಜೀನ್ಸ್ ಹೊಲಿಯೋ ಯುನಿಟ್. ಬಾಂಗ್ಲಾದವರು ಚೀನಾದ ಡೆನಿಮ್ ತರಿಸಿ ಹೊಲಿದ ಪ್ಯಾಂಟೂ ಸುಂಕ ಇಲ್ಲದೆ ಇಲ್ಲಿಗೆ ಬರುತ್ತಂತೆ. ಹೆಂಗೆ?

ಉತ್ತರ (ಕಸ್ಟಮ್ಸ್ ಸಲಹೆಗಾರ): ಹೌದು, ಬರುತ್ತೆ. 2011ರ ನವೆಂಬರ್‌ನಲ್ಲಿ ಭಾರತ ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರದ ಸಾಫ್ಟಾ ಒಪ್ಪಂದದಡಿ, ಬಾಂಗ್ಲಾ ಸೇರಿ ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಅತಿ ಹಿಂದುಳಿದ ದೇಶಗಳಿಗೆ, ಮದ್ಯ-ತಂಬಾಕಿನ 25 ಬಾಬತ್ತು ಬಿಟ್ಟು ಉಳಿದೆಲ್ಲಕ್ಕೂ ಮೂಲ ಆಮದು ಸುಂಕ ತೆಗೆಯಿತು. ಮುಖ್ಯ ಷರತ್ತು ಎರಡು. ಹೊರಗಿನ ಕಚ್ಚಾಮಾಲು ಎಫ್‌ಒಬಿ ಬೆಲೆಯ (ಹಡಗಿಗೆ ಏರಿಸುವವರೆಗಿನ ಬೆಲೆ) ಶೇ 70 ದಾಟಬಾರದು. ಕಚ್ಚಾಮಾಲಿಗೂ ತಯಾರಾದ ಮಾಲಿಗೂ ನಾಲ್ಕಂಕಿಯ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಸರಕು ಗುರುತಿಸುವ ಸಂಖ್ಯೆ) ಬದಲಾಗಬೇಕು. ಡೆನಿಮ್ ಬಟ್ಟೆ 5209, ಗಂಡಸರ ಪ್ಯಾಂಟು 6203. ಕತ್ತರಿಸಿ ಹೊಲಿದರೆ ಎರಡನೆಯದು ಮುಗಿಯಿತು.

ಮೊದಲನೆಯದಕ್ಕೆ ಒಂದು ಅಂದಾಜು ಲೆಕ್ಕ ನೋಡಿ: ಎಫ್‌ಒಬಿ 400 ರೂಪಾಯಿಯ ಪ್ಯಾಂಟಿಗೆ ಚೀನಾ ಬಟ್ಟೆ ಒಂದೂಕಾಲು ಮೀಟರ್, ಮೀಟರಿಗೆ 160ರಂತೆ 200, ಜಿಪ್, ಗುಂಡಿ, ರಿವೆಟ್ 30. ಒಟ್ಟು 230, ಅಂದ್ರೆ ಶೇ 57.5. ಆರಾಮಾಗಿ ಪಾಸು. ಆಮದಿನ ಮೇಲಿನ ಜಿಎಸ್‌ಟಿ, ಅಂದ್ರೆ ಐಜಿಎಸ್‌ಟಿ ಮಾತ್ರ ಕಟ್ಟಲೇಬೇಕು.

ಯುರೋಪಿನ ನಿಯಮ ಬಾಂಗ್ಲಾದ ಉದ್ಯಮವನ್ನೇ ತಿದ್ದಿತು. 2010ರವರೆಗೆ ಯುರೋಪಿನಲ್ಲಿ ಶೇ 12ರ ಸುಂಕ ತಪ್ಪಬೇಕಾದರೆ ನೂಲಿನಿಂದ ಬಟ್ಟೆ, ಬಟ್ಟೆಯಿಂದ ಉಡುಪು, ಎರಡೂ ರಫ್ತು ಮಾಡುವ ದೇಶದಲ್ಲೇ ಆಗಬೇಕಿತ್ತು. ಹಾಗಾಗಿ ಬಟ್ಟೆಯನ್ನೂ ಅಲ್ಲೇ ಹೆಣೆಯುವ ಟೀಶರ್ಟಿನವರಿಗೆ ಅನುಕೂಲ, ಹೊರಗಿನ ಬಟ್ಟೆಯಲ್ಲಿ ಪ್ಯಾಂಟು ಹೊಲಿಯುವವರಿಗೆ ಸುಂಕದ ಹೊರೆ. 2011ರಿಂದ ಹೊಲಿಗೆಯೊಂದೇ ಸಾಕಾಯಿತು. ರಫ್ತಿನ ಉಡುಪಿಗೆ ಬಾಂಗ್ಲಾದವರು ತರಿಸುವ ಬಟ್ಟೆಗೆ ಬಾಂಡೆಡ್ ಗೋದಾಮಿನಲ್ಲಿ (ಕಸ್ಟಮ್ಸ್ ಉಸ್ತುವಾರಿಯ ಗೋದಾಮು) ಮೊದಲೇ ಸುಂಕ ಇರಲಿಲ್ಲ. ಸಾಲು ಸಾಲು ಹೊಲಿಗೆ ಫ್ಯಾಕ್ಟರಿ ಎದ್ದವು. ನೇಯುವ ಗಿರಣಿ ಹಾಕಲು ಆ ಅವಸರ ಯಾರಿಗಿರುತ್ತೆ?

ಮರುಪ್ರಶ್ನೆ: ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಬಾಂಗ್ಲಾ ಹೊರಬಿದ್ರೆ ನಮಗೆ ಲಾಭ ಅಲ್ವಾ?

ಉತ್ತರ: ಅದನ್ನ ನಂಬಿ ಮಷೀನು ತಗೋಬೇಡಿ. ವಿಶ್ವಸಂಸ್ಥೆ 2021ರಲ್ಲಿ ಗೊತ್ತು ಮಾಡಿದ ದಿನ 2026ರ ನವೆಂಬರ್ 24. ಆಮೇಲೂ ಮೂರು ವರ್ಷ ಯುರೋಪಿನ ವಿನಾಯಿತಿ ಇರುತ್ತೆ. ನಮ್ಮ ಕಡೆಯ ವಿನಾಯಿತಿ ತಾನಾಗಿಯೇ ಹೋಗುತ್ತೆ ಅನ್ನೋಕೂ ಆಗಲ್ಲ: ಮಾಲ್ಡೀವ್ಸ್ ಪಟ್ಟಿಯಿಂದ ಹೊರಬಂದರೂ ಸೌಲಭ್ಯ ಉಳಿಯಲಿ ಅಂತ ಸಾಫ್ಟಾದಲ್ಲೇ ಬೇರೆ ಕಲಮು ಇದೆ.

2025ರ ಮೇ 17ರ ಆದೇಶದಲ್ಲಿ ಬಾಂಗ್ಲಾ ಸಿದ್ಧ ಉಡುಪಿಗೆ ಭೂಗಡಿ ಮುಚ್ಚಿ, ಮುಂಬೈ ಬಳಿಯ ನ್ಹಾವಾ ಶೇವಾ ಮತ್ತು ಕೋಲ್ಕತ್ತ ಬಂದರು ಮಾತ್ರ ಬಿಟ್ಟರು. ಸಾಗಣೆಗೆ ದಿನ ಜಾಸ್ತಿ ಹಿಡಿಯುತ್ತೆ. ಸಣ್ಣ ಲಾಟಿನ ಆರ್ಡರನ್ನ ಬೇಗ ಕೊಡಬಲ್ಲವರಿಗೆ ಜಾಗ ಇರೋದು ಅಲ್ಲೇ. ಇನ್ನು ನೇರ ಚೀನಾ ಪ್ಯಾಂಟನ್ನೇ ಬಾಂಗ್ಲಾದ್ದು ಅಂತ ತರ್ತಿದ್ದಾರೆ ಅನ್ನೋ ಅನುಮಾನ ಬಲವಾಗಿದ್ರೆ, ಸಂಘದ ಮೂಲಕ ಕಸ್ಟಮ್ಸಿಗೆ ಬರೆಯಿರಿ. ಸುಂಕ ರಿಯಾಯಿತಿಯ ಆಮದಿಗಿರುವ 2020ರ ಕರೋಟಾರ್ ನಿಯಮದ ಪ್ರಕಾರ ಮಾಲು ಯಾವ ದೇಶದ್ದು ಎಂಬ ವಿವರವನ್ನು ಆಮದುದಾರ ಐದು ವರ್ಷ ಇಟ್ಟುಕೊಂಡಿರಬೇಕು, ಅಧಿಕಾರಿ ಕೇಳಿದಾಗ ಕೊಡಬೇಕು. ಇಂಥ ದೇಶದ ಮಾಲು ಅನ್ನೋ ಪ್ರಮಾಣಪತ್ರವೊಂದನ್ನೇ ತೋರಿಸಿದ್ರೆ ಸಾಲದು.